ಆರು ವರ್ಷದ ಬಟ್ಟೆ ಅಂಗಡಿ ಕ್ರೆಡಿಟ್ ಕಾರ್ಡ್: ಬಳಸದೆ ಬಿಟ್ಟಾಗ ಏನಾಯಿತು

2019ರ ದೀಪಾವಳಿ ಸಮಯ. ಮಂಗಳೂರಿನ ಒಂದು ಮಾಲ್‌ನಲ್ಲಿ ಬಟ್ಟೆ ತೆಗೆದುಕೊಂಡು ಬಿಲ್ಲಿಗೆ ನಿಂತಿದ್ದೆ. ಪಕ್ಕದಲ್ಲಿ ಮೇಜು ಹಾಕಿಕೊಂಡಿದ್ದ ಹುಡುಗ, "ಮೇಡಂ, ನಮ್ಮ ಅಂಗಡಿ ಕಾರ್ಡ್ ಮಾಡಿಸಿ, ಸಾವಿರ ರೂಪಾಯಿ ವೋಚರ್ ಸಿಗ್ತದೆ" ಅಂದ. ಮಾಡಿಸಿದೆ. ಪಾಯಿಂಟ್, ಆಫರ್ ವಿಷಯ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡುತ್ತೇನೆ. ಈ ಕಾರ್ಡನ್ನು ಸುಮ್ನೆ ಇಟ್ಟಾಗ ಏನಾಯಿತು ಅನ್ನುವುದನ್ನು ಮಾತ್ರ ಹೇಳಬೇಕು.

ಮೊದಲ ವರ್ಷ ಶುಲ್ಕ ಇರಲಿಲ್ಲ. ಆಮೇಲಿನ ಎರಡು ವರ್ಷ ಹಬ್ಬದ ಬಟ್ಟೆಯೆಲ್ಲ ಇದರಲ್ಲೇ ತೆಗೆದೆ, ಶುಲ್ಕ ಮಾಫಿ ಆಯಿತು. 2022ರ ದೀಪಾವಳಿ ಆದ ಮೇಲೆ ಆ ಅಂಗಡಿಗೆ ಹೋಗುವುದೇ ನಿಂತಿತು. ಕೆಲಸ ಮಣಿಪಾಲದಲ್ಲಿ, ಮನೆ ಶಂಕರಪುರದಲ್ಲಿ. ಅಷ್ಟು ದೂರ ಬಟ್ಟೆಗೆಂದು ಯಾರು ಹೋಗುತ್ತಾರೆ? ಕಾರ್ಡ್ ಕಪಾಟಿನಲ್ಲಿ ಆಧಾರ್ ಜೆರಾಕ್ಸ್‌ಗಳ ಜೊತೆ ಮಲಗಿತು. ಸಾಲ ಇಲ್ಲ, ಹಾಗಾಗಿ ತೊಂದರೆಯೂ ಇಲ್ಲ ಅಂದುಕೊಂಡಿದ್ದೆ.

2024ರ ಫೆಬ್ರವರಿಯಲ್ಲಿ ಮನೆಯ ಹಂಚಿನ ಮಾಡು ಬಿಚ್ಚಿ ಹೊಸದು ಮಾಡಿಸಲು ಬ್ಯಾಂಕಿಗೆ ಸಾಲ ಕೇಳಲು ಹೋದೆ. ಅಲ್ಲಿನ ಅಧಿಕಾರಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನಾವು ಸಾಲ, ಕಾರ್ಡ್ ಬಿಲ್ ಹೇಗೆ ಕಟ್ಟಿದ್ದೇವೆ ಅನ್ನುವ ದಾಖಲೆಯಾದ ಸಿಬಿಲ್ ರಿಪೋರ್ಟ್‌ನಲ್ಲಿ ಒಂದೊಂದು ಖಾತೆಗೂ ತಿಂಗಳ ಲೆಕ್ಕದಲ್ಲಿ ಸಣ್ಣ ಚೌಕಗಳು ಇರುತ್ತವೆ, 36 ತಿಂಗಳವರೆಗಿನದ್ದು. ಸಮಯಕ್ಕೆ ಸರಿಯಾಗಿ ಕಟ್ಟಿದ್ದರೆ 000. ಬಾಕಿ ಇದ್ದರೆ ಎಷ್ಟು ದಿನ ತಡ ಅನ್ನುವ ಸಂಖ್ಯೆ. ನನ್ನ ಬಟ್ಟೆ ಅಂಗಡಿ ಕಾರ್ಡಿನ ಸಾಲಿನಲ್ಲಿ 000, 000, 000 ಅಂತ ಹೋಗಿ, ಕೊನೆಯ ಎರಡು ಚೌಕದಲ್ಲಿ 024, 055. "ಇದೆಂಥದು ಮಾರಾಯ್ರೆ, ನೀವು ಕಟ್ಟದೆ ಬಿಟ್ಟದ್ದಾ?" ಅಂದರು. ನನಗೆ ಬಾಯಿ ಬರಲಿಲ್ಲ.

ಆಗಿದ್ದು ಇಷ್ಟು. ಖರ್ಚು ಮಾಡದ ಕಾರಣ ಮಾಫಿ ತಪ್ಪಿ, ನವೆಂಬರ್ ಬಿಲ್ಲಿಗೆ ವಾರ್ಷಿಕ ಶುಲ್ಕ 499, ಅದಕ್ಕೆ 18% ಜಿಎಸ್‌ಟಿ, ಒಟ್ಟು 589 ರೂಪಾಯಿ ಬಿತ್ತು. ಬಿಲ್ ಹೋದದ್ದು ನಾನು ತೆರೆಯದ ಹಳೆ ಇಮೇಲ್‌ಗೆ, ಮೆಸೇಜ್ ಹೋದದ್ದು ಬಿಟ್ಟುಬಿಟ್ಟ ಸಿಮ್‌ಗೆ. ತಡ ಶುಲ್ಕ, ಬಡ್ಡಿ ಸೇರಿ ಫೆಬ್ರವರಿಗೆ 1,640. ಒಂದು ರೂಪಾಯಿಯ ಸಾಮಾನೂ ತೆಗೆಯದೆ ನಾನು ಬಾಕಿದಾರಳಾಗಿದ್ದೆ. ಆ ದಾಖಲೆ ನೋಡಿ ಸಿಬಿಲ್ ಕೊಡುವ 300ರಿಂದ 900ರವರೆಗಿನ ಸ್ಕೋರ್‌ನಲ್ಲಿ ಮೊದಲು 781 ಇದ್ದದ್ದು 702ಕ್ಕೆ ಇಳಿದಿತ್ತು.

ಆ ಅಂಗಡಿಯ ಕೌಂಟರ್‌ಗೆ ಹೋಗಿ ಕೇಳಿದೆ. ಅವರಿಂದ ಏನೂ ಆಗುವುದಿಲ್ಲ. ಕಾರ್ಡಿನ ಮೇಲೆ ಅಂಗಡಿ ಹೆಸರು ದೊಡ್ಡದಾಗಿದ್ದರೂ ಸಾಲ ಕೊಡುವುದು, ರಿಪೋರ್ಟ್ ಕಳಿಸುವುದು ಬ್ಯಾಂಕ್. ಒಂದು ವರ್ಷಕ್ಕಿಂತ ಜಾಸ್ತಿ ಬಳಸದ ಕಾರ್ಡನ್ನು ಗ್ರಾಹಕರಿಗೆ ತಿಳಿಸಿ, 30 ದಿನದಲ್ಲಿ ಉತ್ತರ ಬರದಿದ್ದರೆ ಮುಚ್ಚಬೇಕು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆದರೆ ಬಾಕಿ ತೀರಿದರೆ ಮಾತ್ರ. ನನ್ನದರಲ್ಲಿ ಬಾಕಿ ಇತ್ತಲ್ಲ.

ಸಾಲ ಸಿಗಲಿಲ್ಲ, ಆ ಮಳೆಗಾಲ ಮಾಡಿಗೆ ಟಾರ್ಪಾಲ್ ಹೊದೆಸಿಕೊಂಡೇ ಕಳೆದೆವು. ಅಮ್ಮ ಮಲ್ಲಿಗೆ ಕಟ್ಟಲು ಕೂರುವ ಜಗಲಿಯ ಮೂಲೆಯಲ್ಲಿ ಒಂದು ಬಾಲ್ದಿ. ರಾತ್ರಿ ಅದಕ್ಕೆ ನೀರು ಬೀಳುವ ಸದ್ದು ಕೇಳಿದಾಗೆಲ್ಲ 589 ನೆನಪಾಗುತ್ತಿತ್ತು. ತುಂಬಾ ಸಿಟ್ಟು ಬರುತ್ತಿತ್ತು.

ಹಣ ಕಟ್ಟಿದ ದಿನವೇ ಕಾರ್ಡ್ ಮುಚ್ಚಿಸಲು ಹೊರಟಿದ್ದೆ. ತಡೆದದ್ದು ಅದೇ ಸಾಲದ ಅಧಿಕಾರಿ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಈ ಕಾರ್ಡಿನ ಮಿತಿ 60,000. ನಾನು ದಿನಾ ಬಳಸುವ ಇನ್ನೊಂದರ ಮಿತಿ 40,000. ತಿಂಗಳಿಗೆ ಸುಮಾರು 18,000 ಖರ್ಚು. ಎರಡೂ ಇದ್ದರೆ ಒಟ್ಟು ಮಿತಿಯ 18% ಬಳಸಿದ ಹಾಗೆ. ಇದನ್ನು ಮುಚ್ಚಿದರೆ ಅದೇ ಖರ್ಚು 45% ಆಗುತ್ತದೆ. 30% ಒಳಗೆ ಇದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುವುದು. ಅದರ ಮೇಲೆ, ನನ್ನ ಸಾಲದ ಚರಿತ್ರೆಯಲ್ಲಿ ಇದೇ ಅತ್ಯಂತ ಹಳೆಯ ಖಾತೆ. ಮುಚ್ಚಿದ ಕೂಡಲೇ ಹಳೆ ದಾಖಲೆ ಅಳಿಸಿ ಹೋಗುವುದಿಲ್ಲ, ನಿಜ. ಆದರೂ ಸಾಲ ಕೇಳುವ ಹೊತ್ತಿನಲ್ಲಿ ಮುಚ್ಚಬೇಡಿ ಅಂದರು. ಸುಮ್ನೆ ಬಿದ್ದಿರುವ ಕಾರ್ಡ್ ತಾನಾಗಿ ಸ್ಕೋರ್ ಇಳಿಸುವುದಿಲ್ಲ, ಮಿತಿಯ ಲೆಕ್ಕದಲ್ಲಿ ಸಹಾಯವೇ ಮಾಡುತ್ತದೆ ಅಂತ ನನಗೆ ಗೊತ್ತಾದದ್ದು ಆಗ. ಇಳಿಸಿದ್ದು ಶುಲ್ಕ, ಮತ್ತು ನಾನು ಬದಲಿಸದೆ ಬಿಟ್ಟ ಫೋನ್ ನಂಬರ್.

ಕಸ್ಟಮರ್ ಕೇರ್‌ಗೆ ನಾಲ್ಕು ಸಲ ಫೋನ್ ಮಾಡಿ, ಶುಲ್ಕ ಇಲ್ಲದ ಕಾರ್ಡ್‌ಗೆ ಬದಲಾಯಿಸಿಕೊಂಡೆ. ಮಿತಿ ಅಷ್ಟೇ ಉಳಿಯಿತು. ಅಲ್ಲಿಂದ ನನ್ನ ಮನಸ್ಸೂ ಸ್ವಲ್ಪ ಬದಲಾಯಿತು.

ಈಗ ಪ್ರತಿ ತಿಂಗಳ ಮೊದಲ ಶನಿವಾರ ಕುಚ್ಚಲಕ್ಕಿ, ತೆಂಗಿನೆಣ್ಣೆ ಈ ಕಾರ್ಡಿನಲ್ಲೇ ತರುತ್ತೇನೆ. ಬೇರೆ ಏನೂ ಇಲ್ಲ. ಬಿಲ್ ಬಂದ ಸಂಜೆ ಚಾ ಕುಡಿದು ಜಗಲಿಯಲ್ಲಿ ಕೂರುತ್ತೇನೆ. ಅಮ್ಮ ಬಾಳೆನಾರು ಒದ್ದೆ ಮಾಡಿಕೊಂಡು ಮೊಗ್ಗು ಕಟ್ಟುತ್ತಿರುತ್ತಾರೆ. ನಾನು ಪೂರ್ತಿ ಹಣ ಕಟ್ಟಿ, ತಾರೀಕು ಮತ್ತು ಮೊತ್ತವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆಯುತ್ತೇನೆ. ಅಮ್ಮ ಹೂವಿನ ದುಡ್ಡಿನಲ್ಲಿ ಪಿಗ್ಮಿ ಕಟ್ಟಿದವರು. 1928ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಯೋಜನೆ ಅದು, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದರು. "ಬರೆದಿಟ್ಟಿದ್ದೀಯಾ?" ಅಂತ ಅಮ್ಮ ಈಗಲೂ ಕೇಳುತ್ತಾರೆ. ಆ ಕಾಲು ಗಂಟೆ ನನಗೆ ತುಂಬಾ ಇಷ್ಟ.

ಸ್ಕೋರ್ ನಿಧಾನಕ್ಕೆ ಏರಿ 2025ರ ಜನವರಿಯಲ್ಲಿ 754 ಆಯಿತು, ಸಾಲವೂ ಸಿಕ್ಕಿತು. ಈಗ 771. ಆ 024, 055 ಇನ್ನೂ ರಿಪೋರ್ಟ್‌ನಲ್ಲಿ ಕೂತಿವೆ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಸಿಗುತ್ತದೆ, ದಯವಿಟ್ಟು ತೆಗೆದು ನೋಡಿ.

ಕಾರ್ಡಿಗೆ ಐದರಲ್ಲಿ ಎರಡೂವರೆ ಕೊಡುತ್ತೇನೆ. ಶುಲ್ಕ ಇರುವ ಕಾರ್ಡ್ ಆಗಿದ್ದರೆ, ಅಂಗಡಿ ನಿಮ್ಮ ಊರಲ್ಲಿ ಇಲ್ಲದಿದ್ದರೆ ಬೇಡವೇ ಬೇಡ. ನಮ್ಮ ಅತ್ತಿಗೆ ಹತ್ತಿರವೂ ಇಂಥದ್ದೊಂದು ಇತ್ತು. ಅವರಿಗೆ ಬೇರೆ ದೊಡ್ಡ ಮಿತಿಯ ಕಾರ್ಡ್ ಇದೆ, ಸದ್ಯಕ್ಕೆ ಸಾಲ ಕೇಳುವ ಯೋಚನೆಯೂ ಇಲ್ಲ. ಹಾಗಾಗಿ ಬಾಕಿ ಸೊನ್ನೆ ಮಾಡಿಸಿ, ಮುಚ್ಚಲು ಇಮೇಲ್ ಕಳಿಸಿದೆವು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಲೇಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಮಗೆ ಕೊಡಬೇಕು. ಆರನೇ ದಿನ ಉತ್ತರ ಬಂತು. ಬಾಕಿ ಇಲ್ಲ ಅನ್ನುವ ಪತ್ರವನ್ನು ಪ್ರಿಂಟ್ ತೆಗೆದು ಅತ್ತಿಗೆ ಮನೆಯ ತೆರಿಗೆ ರಶೀದಿಗಳ ಫೈಲಿನಲ್ಲಿ ಹಾಕಿಟ್ಟಿದ್ದಾರೆ.