ಜಾರ್ಜಿಯಾದ ಆಂಡರ್ಸನ್‌ವಿಲ್: ಒಂದಿಡೀ ದಿನ ಕೊಡಬೇಕಾದ ಜಾಗ

ಊರಿಂದ ಬಂದ ಅಪ್ಪ-ಅಮ್ಮನಿಗೆ ತೋರಿಸಲು ಅಟ್ಲಾಂಟಾದ ಮಕ್ಕಳು ಇಟ್ಟುಕೊಂಡಿರುವ ಪಟ್ಟಿ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಅಕ್ವೇರಿಯಂ, ಕೋಕಾ ಕೋಲಾ ಮ್ಯೂಸಿಯಂ, ಸ್ಟೋನ್ ಮೌಂಟನ್, ಲಿಲ್‌ಬರ್ನ್‌ನ ಸ್ವಾಮಿನಾರಾಯಣ ಮಂದಿರ. ಆ ಪಟ್ಟಿಗೆ ಆಂಡರ್ಸನ್‌ವಿಲ್ ಅನ್ನೂ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ಅಂತರ್ಯುದ್ಧದ (1861-65) ಕಾಲದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳವರು ಉತ್ತರದ ಸೈನಿಕರನ್ನು ಕೂಡಿಹಾಕಿದ್ದ ಬಂದಿ ಶಿಬಿರ ಇದು. ಆಗ ಇದರ ಹೆಸರು ಕ್ಯಾಂಪ್ ಸಮ್ಟರ್. ಈಗ ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ.

ನಾನು ಹಾಸನ ನಗರಸಭೆಯ ಜನನ-ಮರಣ ನೋಂದಣಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸತ್ತವರ ಹೆಸರು, ತಂದೆಯ ಹೆಸರು, ತಾರೀಕು, ಕಾರಣ ಬರೆಯುವುದೇ ನನ್ನ ನೌಕರಿಯಾಗಿತ್ತು. ಹೀಗಾಗಿ ಬೇರೆಯವರು ಫಿರಂಗಿ ನೋಡುವ ಕಡೆ ನಾನು ರಿಜಿಸ್ಟರ್ ಹುಡುಕುತ್ತೇನೆ. ಇಲ್ಲಿ ಹುಡುಕಿದ್ದು ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ.

ದಾರಿ ಸುಲಭ. ಅಟ್ಲಾಂಟಾದಿಂದ ಐ-75 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು, ಬೈರನ್ ಹತ್ತಿರ 49ನೇ ನಂಬರಿನ ರಾಜ್ಯ ರಸ್ತೆ ಹಿಡಿದರೆ ಫೋರ್ಟ್ ವ್ಯಾಲಿಯ ಪೀಚ್ ತೋಟಗಳನ್ನು ದಾಟಿಕೊಂಡು ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಹೊತ್ತಿನಲ್ಲಿ ತಲುಪಬಹುದು. ಮಣ್ಣು ನಮ್ಮ ಕೋಲಾರದ ಕಡೆಯ ಹಾಗೆ ಕೆಂಪು. ಹತ್ತಿರದಲ್ಲಿ ಹೇಳಿಕೊಳ್ಳುವಂಥ ಹೋಟೆಲ್ ಇಲ್ಲ. ಬುತ್ತಿ ಕಟ್ಟಿಕೊಂಡೇ ಹೊರಡಿ. ಬೇಸಿಗೆಯಲ್ಲಾದರೆ ಟೋಪಿ, ನೀರು, ಮುಖಕ್ಕೆ ಮುತ್ತುವ ನುಸಿಗೆ ಏನಾದರೂ ಔಷಧ ಇರಲಿ. ಮಂಡಿ ನೋವಿರುವವರಿಗೂ ತೊಂದರೆಯಿಲ್ಲ, ಬಯಲಿನ ಸುತ್ತ ಕಾರು ಓಡುವ ರಸ್ತೆ ಇದೆ.

ಬಹಳ ಜನ ನೇರವಾಗಿ ಮ್ಯೂಸಿಯಂ ಒಳಕ್ಕೆ ಹೋಗುತ್ತಾರೆ. ನನ್ನ ಸಲಹೆ ಬೇರೆ. ಮೊದಲು ಬಯಲಿಗೆ ಹೋಗಿ.

ಬಯಲೆಂದರೆ ಬರೀ ಹುಲ್ಲು. ಎರಡು ಇಳಿಜಾರು, ನಡುವೆ ಒಂದು ಸಣ್ಣ ತೊರೆ. ಸುತ್ತಲೂ ಎರಡು ಸಾಲಾಗಿ ಬಿಳಿ ಗೂಟಗಳನ್ನು ನೆಟ್ಟಿದ್ದಾರೆ. ಹೊರಗಿನ ಸಾಲು ಹದಿನೈದು ಅಡಿಗೂ ಎತ್ತರದ ಪೈನ್ ಮರದ ದಿಮ್ಮಿಗಳ ಗೋಡೆ ಇದ್ದ ಜಾಗ. ಒಳಗಿನದು ಡೆಡ್‌ಲೈನ್: ಗೋಡೆಯಿಂದ ಸುಮಾರು 19 ಅಡಿ ಒಳಗೆ ಹಾಕಿದ್ದ ಸಣ್ಣ ಬೇಲಿ. ಅದನ್ನು ದಾಟಿದವನಿಗೆ, ಕೆಲವೊಮ್ಮೆ ಅದರಾಚೆ ಕೈ ಚಾಚಿದವನಿಗೂ, ಗೋಡೆಯ ಮೇಲಿನ ಕಾವಲು ಗೂಡಿನಿಂದ ಗುಂಡು. ಈಶಾನ್ಯದ ಮೂಲೆಯಲ್ಲಿ ಗೋಡೆಯನ್ನು ಹಿಂದಿದ್ದ ಹಾಗೆ ಮತ್ತೆ ಕಟ್ಟಿ, ಕಂಬಳಿ ಚೂರು, ಕೋಲು ಸೇರಿಸಿ ಕೈದಿಗಳು ಮಾಡಿಕೊಂಡಿದ್ದ ಗುಡಾರಗಳ ಮಾದರಿಗಳನ್ನೂ ಇಟ್ಟಿದ್ದಾರೆ. ಸರ್ಕಾರ ಕೊಟ್ಟ ಸೂರು ಅಂತ ಅಲ್ಲಿ ಏನೂ ಇರಲಿಲ್ಲ.

ಲೆಕ್ಕ ಹಾಕುವ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. 1864ರ ಫೆಬ್ರವರಿಯಲ್ಲಿ ಮೊದಲ ಕೈದಿಗಳು ಬಂದಾಗ ಇದು 16.5 ಎಕರೆ. ಇಟ್ಟುಕೊಂಡ ಅಂದಾಜು ಹತ್ತು ಸಾವಿರ ಜನಕ್ಕೆ. ಜೂನ್ ಹೊತ್ತಿಗೆ ಅದನ್ನು 26.5 ಎಕರೆಗೆ ಹಿಗ್ಗಿಸಿದರು. ಆದರೆ ಆಗಸ್ಟ್‌ನಲ್ಲಿ ಒಳಗಿದ್ದವರು 32 ಸಾವಿರಕ್ಕೂ ಹೆಚ್ಚು. ಭಾಗಿಸಿದರೆ ತಲೆಗೆ ಆರಡಿ ಉದ್ದ, ಆರಡಿ ಅಗಲದ ನೆಲ. ಅದರಲ್ಲೂ ಡೆಡ್‌ಲೈನ್‌ನಾಚೆಯ ಪಟ್ಟಿಯನ್ನೂ ತೊರೆಯ ಎರಡೂ ಮಗ್ಗುಲಿನ ಜೌಗನ್ನೂ ಕಳೆಯಬೇಕು. ಕುಡಿಯುವುದಕ್ಕೂ, ಕೊಳೆ ತೊಳೆಯುವುದಕ್ಕೂ, ಶೌಚಕ್ಕೂ ಅದೇ ತೊರೆ. ತಿನ್ನಲು ದಿಂಡಿನ ಸಮೇತ ಬೀಸಿದ ಮೆಕ್ಕೆಜೋಳದ ಒರಟು ಹಿಟ್ಟು, ಒಂದಿಷ್ಟು ಹಂದಿ ಮಾಂಸ. ಕಾರಿನಿಂದ ಇಳಿದು ತೊರೆಯ ತನಕ ನಡೆದು ನೋಡಿ. ಅದರ ಅಗಲ ನೋಡಿದ ಮೇಲೆ ಈ ಅಂಕಿಗಳನ್ನು ಯಾರೂ ವಿವರಿಸಬೇಕಾಗಿಲ್ಲ.

ಹದಿನಾಲ್ಕು ತಿಂಗಳಲ್ಲಿ ಇಲ್ಲಿಗೆ ಬಂದವರು ಸುಮಾರು 45 ಸಾವಿರ, ಸತ್ತವರು ಸುಮಾರು 13 ಸಾವಿರ. ಯಾಕೆ ಹೀಗಾಯಿತು ಎಂದು ಕೇಳಿದರೆ ಹೆಚ್ಚಿನವರು ಒಬ್ಬನ ಹೆಸರು ಹೇಳಿ ಮುಗಿಸುತ್ತಾರೆ: ಒಳಗಿನ ಆಡಳಿತ ನೋಡುತ್ತಿದ್ದ, ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ಕ್ಯಾಪ್ಟನ್ ಹೆನ್ರಿ ವಿರ್ಜ್. ಯುದ್ಧ ಮುಗಿದ ಮೇಲೆ ಸೇನಾ ನ್ಯಾಯಮಂಡಳಿ ವಿಚಾರಣೆ ನಡೆಸಿ, 1865ರ ನವೆಂಬರ್ 10ರಂದು ವಾಷಿಂಗ್ಟನ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಮೇಲಧಿಕಾರಿ ಜನರಲ್ ವಿಂಡರ್ ಅಷ್ಟರಲ್ಲಿ ತೀರಿಕೊಂಡಿದ್ದ. ಎದುರಿನ ಪುಟ್ಟ ಊರಿನಲ್ಲಿ ವಿರ್ಜ್‌ಗೆ 1909ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವೂ ಇದೆ. ಒಂದು ಕಡೆಯವರಿಗೆ ರಾಕ್ಷಸ, ಇನ್ನೊಂದು ಕಡೆಯವರಿಗೆ ಹುತಾತ್ಮ. ಎರಡೂ ಮಾತು ನಿಜವಾದ ಕಾರಣವನ್ನು ಮರೆಮಾಡುತ್ತವೆ ಎನ್ನುವುದು ನನ್ನ ಅಭಿಪ್ರಾಯ.

ಆ ಕಾರಣ ತಿಳಿಯಲು ಎರಡು ವರ್ಷ ಹಿಂದಕ್ಕೆ ಹೋಗಬೇಕು. 1862ರ ಜುಲೈನಲ್ಲಿ ಎರಡೂ ಕಡೆಯವರು ಡಿಕ್ಸ್-ಹಿಲ್ ಎಂಬ ಒಪ್ಪಂದ ಮಾಡಿಕೊಂಡು ಕೈದಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅದಕ್ಕೊಂದು ದರಪಟ್ಟಿಯೂ ಇತ್ತು. ಸಿಪಾಯಿಗೆ ಸಿಪಾಯಿ, ಒಬ್ಬ ಕ್ಯಾಪ್ಟನ್‌ಗೆ 6 ಸಿಪಾಯಿ, ಕರ್ನಲ್‌ಗೆ 15, ದಂಡನಾಯಕ ಜನರಲ್‌ಗೆ 60. ಈ ವ್ಯವಸ್ಥೆ ನಡೆಯುವವರೆಗೆ ಶಿಬಿರಗಳು ತುಂಬಿ ತುಳುಕಲಿಲ್ಲ. ಉತ್ತರದವರು ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಂಡ ಮೇಲೆ ಅದು ಮುರಿಯಿತು. ಸೆರೆಸಿಕ್ಕ ಕಪ್ಪು ಸೈನಿಕರನ್ನೂ ಅವರ ಬಿಳಿ ಅಧಿಕಾರಿಗಳನ್ನೂ ಯುದ್ಧಕೈದಿಗಳೆಂದು ಒಪ್ಪುವುದಿಲ್ಲ ಎಂದು ದಕ್ಷಿಣದವರ ಸಂಸತ್ತಾದ ಕಾಂಗ್ರೆಸ್ 1863ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಯಾವ ಬಣ್ಣದವನಾದರೂ ನಮ್ಮ ಸೈನಿಕ ನಮ್ಮ ಸೈನಿಕನೇ ಎಂದು ಉತ್ತರದ ಅಧ್ಯಕ್ಷ ಲಿಂಕನ್ ಜುಲೈ 30ರಂದು ಆದೇಶ ಹೊರಡಿಸಿದರು. ವಿನಿಮಯ ನಿಂತಿತು. ಬಿಡುಗಡೆಯಾದ ದಕ್ಷಿಣದ ಸೈನಿಕ ಮತ್ತೆ ಬಂದೂಕು ಹಿಡಿದು ಬರುತ್ತಾನೆ ಎಂಬ ಲೆಕ್ಕವೂ ಉತ್ತರದ ಸೇನಾಪತಿ ಜನರಲ್ ಗ್ರಾಂಟ್‌ಗಿತ್ತು. 1864ರ ಬೇಸಿಗೆಯಲ್ಲಿ ಈ ಬಯಲಿನ ಕೈದಿಗಳು ತಮ್ಮನ್ನು ಬಿಡಿಸಿಕೊಳ್ಳಿ ಎಂದು ಅರ್ಜಿ ಬರೆದಾಗ, ಅದನ್ನು ಒಯ್ಯಲು ಅವರಲ್ಲೇ ಕೆಲವರನ್ನು ಹೊರಗೆ ಬಿಟ್ಟವನು ಇದೇ ವಿರ್ಜ್. ಅರ್ಜಿಯಿಂದ ಏನೂ ಆಗಲಿಲ್ಲ.

ನನ್ನ ಮಗಳಿಗೆ ಇದು ಸಹಿಸಲಿಲ್ಲ. "ಅಪ್ಪಾ, ಹಾಗಾದರೆ ಲಿಂಕನ್ ಒಪ್ಪಿಬಿಟ್ಟಿದ್ದರೆ ಇಷ್ಟು ಜನ ಉಳೀತಿದ್ರಲ್ವಾ?" ಅಂದಳು. ಉಳಿಯುತ್ತಿದ್ದರು. ಆದರೆ ಈ ಬಯಲಿನಲ್ಲೇ ನೂರರಷ್ಟು ಕಪ್ಪು ಸೈನಿಕರೂ ಇದ್ದರಲ್ಲ, ಫ್ಲೋರಿಡಾದ ಒಲಸ್ಟಿ ಕಾಳಗದಲ್ಲಿ ಸಿಕ್ಕಿಬಿದ್ದವರು ಅವರಲ್ಲಿ ಅನೇಕರು. ಅವರನ್ನು ಲೆಕ್ಕದಿಂದ ಕೈಬಿಟ್ಟು ಉಳಿದವರನ್ನು ಬಿಡಿಸಿಕೊಳ್ಳುವುದಾಗಿತ್ತೇ? ಅಳಿಯಂದಿರು ಮಧ್ಯೆ ಬಂದು, ತಪ್ಪು ವಿನಿಮಯ ನಿಲ್ಲಿಸಿದವರದ್ದಲ್ಲ, ಮನುಷ್ಯರನ್ನು ಮನುಷ್ಯರ ಲೆಕ್ಕಕ್ಕೆ ತರದವರದ್ದು ಎಂದರು. ನನಗೂ ಹಾಗೇ ಅನ್ನಿಸುತ್ತದೆ. ಮನೆಮಂದಿ ಹೀಗೆ ನಿಂತು ವಾದ ಮಾಡುವಂತೆ ಮಾಡುವ ಪ್ರವಾಸಿ ತಾಣಗಳು ಹೆಚ್ಚಿಲ್ಲ.

ಮ್ಯೂಸಿಯಂ ಬಗ್ಗೆ. 1998ರ ಏಪ್ರಿಲ್ 9ರಂದು ಶುರುವಾದ ಇದು ಅಂತರ್ಯುದ್ಧಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಅಮೆರಿಕದ ಎಲ್ಲ ಯುದ್ಧಗಳ ಕೈದಿಗಳದ್ದು. ವಿಯೆಟ್ನಾಂ, ಕೊರಿಯಾ, ಜಪಾನಿಯರ ಸೆರೆ, ಎಲ್ಲವೂ ಇದೆ. ಚೆನ್ನಾಗಿದೆ, ಗೌರವದಿಂದ ಮಾಡಿದ್ದಾರೆ. 1864ರ ಕಥೆಗೆಂದೇ ಬರುವವರು ಇಲ್ಲಿ ಹೊತ್ತು ಹಂಚಿಕೊಳ್ಳಬೇಕು, ಇಲ್ಲದಿದ್ದರೆ ಬೇರೆ ಯುದ್ಧಗಳಲ್ಲೇ ಮಧ್ಯಾಹ್ನ ಕಳೆದುಹೋಗುತ್ತದೆ. ರೇಂಜರ್ (ಉದ್ಯಾನದ ಸಿಬ್ಬಂದಿ) ಇದ್ದರೆ ತಪ್ಪದೆ ಮಾತಾಡಿಸಿ. ನಮಗೆ ಸಿಕ್ಕ ಹೆಣ್ಣುಮಗಳು ನನ್ನ ಮುರುಕು ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿ, ಮರಣದ ಪಟ್ಟಿ ಇಟ್ಟವನ ಕಥೆಯನ್ನು ಮೊದಲಿಂದ ಹೇಳಿದಳು.

ಅವನ ಹೆಸರು ಡೊರೆನ್ಸ್ ಅಟ್‌ವಾಟರ್. ಕನೆಕ್ಟಿಕಟ್‌ನ ಟೆರಿವಿಲ್‌ನವನು, ಕುದುರೆ ಪಡೆಯ ಹುಡುಗ, ಇನ್ನೂ ಇಪ್ಪತ್ತು ದಾಟಿರಲಿಲ್ಲ. 1863ರ ಜುಲೈನಲ್ಲಿ ಸೆರೆಸಿಕ್ಕಿ, ರಿಚ್ಮಂಡ್‌ನ ಬೆಲ್ ಐಲ್ ಬಂದಿ ಶಿಬಿರದಿಂದ ಇಲ್ಲಿಗೆ ಬಂದ. ಅಕ್ಷರ ಚೆನ್ನಾಗಿತ್ತೆಂದು ಶಿಬಿರದ ವೈದ್ಯರ ಕಚೇರಿಯಲ್ಲಿ ಸತ್ತವರ ಪಟ್ಟಿ ಬರೆಯಲು ಕೂರಿಸಿದರು. ಹೆಸರು, ಪಡೆ, ಸತ್ತ ತಾರೀಕು, ಕಾರಣ, ಗುಂಡಿಯ ನಂಬರು. ಆಗಸ್ಟ್‌ನ ಕೆಟ್ಟ ದಿನಗಳಲ್ಲಿ ದಿನಕ್ಕೆ ನೂರರ ಹತ್ತಿರ. ಕಾರಣದ ಅಂಕಣದಲ್ಲಿ ಮತ್ತೆ ಮತ್ತೆ ಬರುವುದು ಭೇದಿ, ಸ್ಕರ್ವಿ. ಸ್ಕರ್ವಿ ಎಂದರೆ ಹಣ್ಣು-ತರಕಾರಿ ಸಿಗದೆ ವಸಡು ಕೊಳೆತು, ಹಲ್ಲು ಉದುರಿ ಸಾಯುವುದು. ದಿನಕ್ಕೊಂದು ನಿಂಬೆಹಣ್ಣು ತಡೆಯಬಹುದಾಗಿದ್ದ ಸಾವು.

ಈ ಪಟ್ಟಿ ಉತ್ತರದ ಸರ್ಕಾರಕ್ಕೆ ಎಂದೂ ತಲುಪಲಾರದು ಎಂಬ ಅನುಮಾನ ಹುಡುಗನಿಗೆ ಬಂತು. ಗುಟ್ಟಾಗಿ ಇನ್ನೊಂದು ಪ್ರತಿ ಬರೆದ. 1865ರಲ್ಲಿ ಬಿಡುಗಡೆಯಾದಾಗ ಅದನ್ನು ಕೋಟಿನ ಒಳಪದರದಲ್ಲಿ ಅಡಗಿಸಿಕೊಂಡು ಹೊರಬಂದ. ರಿಜಿಸ್ಟರಿನ ಮುಂದೆ ಜೀವಮಾನ ಕಳೆದವನಾಗಿ ಹೇಳುತ್ತೇನೆ: ಒಂದು ದಿನದ ನಮೂದುಗಳನ್ನು ತಪ್ಪಿಲ್ಲದೆ ಎರಡನೇ ಸಲ ಬರೆಯುವುದೇ ಸುಸ್ತಿನ ಕೆಲಸ. ಹಸಿವಿನಲ್ಲಿ, ಸಿಕ್ಕಿಬೀಳುವ ಭಯದಲ್ಲಿ, ಜೊತೆಗಾರರ ಹೆಸರನ್ನೇ ಆ ಅಂಕಣಗಳಲ್ಲಿ ತುಂಬುತ್ತ ಹನ್ನೆರಡು ಸಾವಿರಕ್ಕೂ ಹೆಚ್ಚು ಸಾಲುಗಳನ್ನು ನಕಲು ಮಾಡಿದ ಆ ಹುಡುಗನಿಗೆ ನಾನು ಕೈಮುಗಿಯುತ್ತೇನೆ.

ಕಾಣೆಯಾದ ಸೈನಿಕರ ಮನೆಯವರಿಗೆ ಉತ್ತರ ಬರೆಯುವ ಕಚೇರಿ ನಡೆಸುತ್ತಿದ್ದ ಕ್ಲಾರಾ ಬಾರ್ಟನ್, ಅಟ್‌ವಾಟರ್ ಮತ್ತು ಕ್ಯಾಪ್ಟನ್ ಜೇಮ್ಸ್ ಮೂರ್ 1865ರ ಬೇಸಿಗೆಯಲ್ಲಿ ಇಲ್ಲಿಗೆ ಬಂದರು. ಕಂದಕಗಳಲ್ಲಿ ಭುಜಕ್ಕೆ ಭುಜ ತಾಗಿಸಿ ಹೂತಿದ್ದ ಒಬ್ಬೊಬ್ಬರ ತಲೆಯ ಬಳಿಯೂ ನಂಬರಿನ ಗೂಟವಿತ್ತು. ಆ ನಂಬರನ್ನು ಪಟ್ಟಿಯ ನಂಬರಿಗೆ ಹೊಂದಿಸುತ್ತ ಹೆಸರಿನ ಹಲಗೆ ನೆಟ್ಟರು. ಆಗಸ್ಟ್ 17ರಂದು ಬಾರ್ಟನ್ ಬಾವುಟ ಏರಿಸಿದರು. ಇಷ್ಟು ಜನರಲ್ಲಿ ಗುರುತು ಸಿಗದೆ ಉಳಿದವರು ಸುಮಾರು 460 ಮಾತ್ರ.

ಮುಂದೆ ನಡೆದದ್ದು ಕೇಳಿ ನನಗೆ ಸಿಟ್ಟು ಬಂತು. ಪಟ್ಟಿ ಯಾರ ಸ್ವತ್ತು ಎಂಬ ಜಗಳದಲ್ಲಿ ಅಟ್‌ವಾಟರ್‌ನದೇ ಸರ್ಕಾರ ಅವನ ಮೇಲೆ ಕಳ್ಳತನದ ಆರೋಪ ಹೊರಿಸಿ, ಸೇನಾ ನ್ಯಾಯಾಲಯದಲ್ಲಿ 18 ತಿಂಗಳ ಕಠಿಣ ಶಿಕ್ಷೆ ಕೊಟ್ಟಿತು. ಸುಮಾರು ಎರಡು ತಿಂಗಳಲ್ಲಿ ಹೊರಬಂದ ಅವನು 1866ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಮೂಲಕ ಪಟ್ಟಿಯನ್ನು ಅಚ್ಚು ಹಾಕಿಸಿದ. ಆಗ ಸಾವಿರಾರು ಮನೆಗಳಿಗೆ ಸುದ್ದಿ ಮುಟ್ಟಿತು. ಮರಣ ಪ್ರಮಾಣಪತ್ರಕ್ಕಾಗಿ ಕೌಂಟರ್ ಮುಂದೆ ನಿಲ್ಲುತ್ತಿದ್ದ ಹೆಂಗಸರನ್ನು ನೋಡಿದವನು ನಾನು. ಆ ಕಾಗದ ಕೈಗೆ ಬರುವವರೆಗೆ ಪಿಂಚಣಿಯೂ ಇಲ್ಲ, ಅಳುವುದಕ್ಕೆ ಧೈರ್ಯವೂ ಇಲ್ಲ.

ಕೊನೆಗೆ ಸ್ಮಶಾನ. ಮ್ಯೂಸಿಯಂನಿಂದ ಕಾರಿನಲ್ಲಿ ಹೋಗಿ, ಇಳಿದು ಸಾಲುಗಳ ನಡುವೆ ನಡೆಯಿರಿ. ಬೇರೆ ಸೈನಿಕ ಸ್ಮಶಾನಗಳಲ್ಲಿ ಕಲ್ಲುಗಳ ನಡುವೆ ಜಾಗ ಇರುತ್ತದೆ. ಇಲ್ಲಿ ಹಳೆಯ ಸಾಲುಗಳಲ್ಲಿ ಒಂದಕ್ಕೊಂದು ತಾಗಿಕೊಂಡಂತಿವೆ. ಒಳಗಡೆಯೇ ಸುಲಿಗೆ ಗುಂಪು ಕಟ್ಟಿಕೊಂಡು ಸಹಕೈದಿಗಳನ್ನು ದೋಚಿ ಕೊಂದು, 1864ರ ಜುಲೈ 11ರಂದು ಕೈದಿಗಳ ಕೈಯಲ್ಲೇ ಗಲ್ಲಿಗೇರಿದ ಆರು ಜನರ ಕಲ್ಲುಗಳು ಬೇರೆಯಾಗಿ ನಿಂತಿವೆ. ಪ್ರತಿ ಕಲ್ಲಿನ ಮೇಲೂ ನಂಬರು. ಕೈದಿಗಳ ಹೆಸರು ಹುಡುಕುವ ವ್ಯವಸ್ಥೆ ಮ್ಯೂಸಿಯಂನಲ್ಲಿದೆ, ಬರುವ ಮುಂಚೆ ಅಲ್ಲಿ ಒಂದು ಹೆಸರು ನೋಡಿಕೊಂಡು ಬಂದರೆ ಆ ಕಲ್ಲನ್ನು ಹುಡುಕಬಹುದು. ಮಕ್ಕಳಿದ್ದರೆ ಖಂಡಿತ ಹೀಗೆ ಮಾಡಿ. ಹತ್ತು-ಹನ್ನೆರಡು ವರ್ಷ ದಾಟಿದ ಮಕ್ಕಳಾದರೆ ಒಳ್ಳೆಯದು. ಅದಕ್ಕಿಂತ ಚಿಕ್ಕವರಿಗೆ ಮ್ಯೂಸಿಯಂನ ಕೆಲವು ಚಿತ್ರಗಳು ಭಾರವಾದಾವು.

ಐದಕ್ಕೆ ಐದು ಕೊಡುತ್ತೇನೆ. ಒಂದು ಆಸೆ ಮಾತ್ರ ಇದೆ. ಉತ್ತರದವರ ಶಿಬಿರಗಳನ್ನೂ ಜೊತೆಗಿಟ್ಟು ನೋಡಿದಾಗಲೇ ಈ ಕಥೆ ಪೂರ್ತಿಯಾಗುವುದು. ಎರಡೂ ಕಡೆ ಸೇರಿ ಸೆರೆಯಲ್ಲಿ ಸತ್ತವರು ಸುಮಾರು 56 ಸಾವಿರ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಶಿಬಿರದಲ್ಲಿ ಹನ್ನೆರಡು ಸಾವಿರ ದಕ್ಷಿಣದ ಕೈದಿಗಳಲ್ಲಿ ಮೂರು ಸಾವಿರದ ಹತ್ತಿರ ಜನ ಸತ್ತರು. ಅದೂ ಹಸಿವಿನಿಂದ ಕಂಗೆಟ್ಟ ದಕ್ಷಿಣದಲ್ಲಲ್ಲ, ಧಾನ್ಯ ತುಂಬಿದ್ದ ಉತ್ತರದಲ್ಲಿ. ಅಲ್ಲಿ ಅವರನ್ನು ಹೂತು, ಒಬ್ಬೊಬ್ಬರ ಹೆಸರನ್ನೂ ಜೋಪಾನವಾಗಿ ಬರೆದಿಟ್ಟವರು ಜಾನ್ ಡಬ್ಲ್ಯು. ಜೋನ್ಸ್. ವರ್ಜೀನಿಯಾದಲ್ಲಿ ಗುಲಾಮರಾಗಿದ್ದು 1844ರಲ್ಲಿ ತಪ್ಪಿಸಿಕೊಂಡು ಬಂದವರು. ತನ್ನನ್ನು ಗುಲಾಮಗಿರಿಯಲ್ಲಿಡಲು ಹೋರಾಡಿದವರ ಹೆಸರುಗಳನ್ನು ಅವರು ಎಷ್ಟು ಅಚ್ಚುಕಟ್ಟಾಗಿ ಬರೆದರೆಂದರೆ ಅಲ್ಲಿ ಗುರುತು ಸಿಗದವರು ಬೆರಳೆಣಿಕೆಯಷ್ಟು. ನ್ಯೂಜೆರ್ಸಿ ಕಡೆಯ ನಮ್ಮವರು ನಯಾಗರಾಕ್ಕೆ ಹೋಗುವಾಗ ಕಾರ್ನಿಂಗ್‌ನ ಗಾಜಿನ ಮ್ಯೂಸಿಯಂ ಮುಂದೆ ಕಾರು ನಿಲ್ಲಿಸುತ್ತಾರಲ್ಲ, ಎಲ್ಮೈರಾ ಅದರ ಪಕ್ಕದಲ್ಲೇ ಇದೆ. ವುಡ್‌ಲಾನ್ ಸ್ಮಶಾನಕ್ಕೂ, ಮ್ಯೂಸಿಯಂ ಆಗಿರುವ ಜೋನ್ಸ್ ಅವರ ಮನೆಗೂ ಹೋಗಿ ಬನ್ನಿ. ಮುಂದಿನ ಸಲ ಬಂದಾಗ ನಾನು ಹೋಗುವುದು ಅಲ್ಲಿಗೇ.