ಯಕೃತ್ತಿನ ಗಡ್ಡೆಗೆ ಡಾಪ್ಲರ್ ಪರೀಕ್ಷೆ: ಮೈಸೂರಿನ ಒಂದು ಸ್ಕ್ಯಾನಿಂಗ್ ಕೇಂದ್ರದ ಸೇವೆ

ಅಮ್ಮನ ಯಕೃತ್ತಿನ ಎಡಭಾಗದಲ್ಲಿ 2.5 ಸೆಂ.ಮೀ. ಗಾತ್ರದ ಗಡ್ಡೆಯಿದೆ ಎಂದು ಮೊದಲು ಸ್ಕ್ಯಾನ್ ಮಾಡಿದವರು ಬರೆದುಕೊಟ್ಟಿದ್ದರು. ಅದರಲ್ಲಿ ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂಬ ಮಾತೇ ವರದಿಯಲ್ಲಿರಲಿಲ್ಲ. ಆದ್ದರಿಂದ ನಮ್ಮ ವೈದ್ಯರು, ರಕ್ತದ ಹರಿವನ್ನು ಅಲ್ಟ್ರಾಸೌಂಡ್ ಮೂಲಕ ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಮೈಸೂರಿನ ಮತ್ತೊಂದು ಕೇಂದ್ರಕ್ಕೆ ಕಳುಹಿಸಿದರು. ಈ ಬರಹ ಆ ಎರಡನೆಯ ಕೇಂದ್ರವನ್ನು ಕುರಿತದ್ದು.

ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ರಕ್ತ ತರುವ ಪೋರ್ಟಲ್ ಅಭಿಧಮನಿಯದು, ಉಳಿದದ್ದು ಅಪಧಮನಿಯದು. ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆ ಸಾಮಾನ್ಯವಾಗಿ ಅಪಧಮನಿಯ ರಕ್ತವನ್ನೇ ನೆಚ್ಚಿಕೊಂಡಿರುವುದರಿಂದ, ಗಡ್ಡೆಯ ಸುತ್ತಲೂ ಒಳಗೂ ಯಾವ ಬಗೆಯ ಹರಿವು ಇದೆ ಎಂಬುದು ವೈದ್ಯರಿಗೆ ಮುಖ್ಯವಾದ ಸುಳಿವು.

ಪರೀಕ್ಷೆ ಮಾಡಿದ ರೇಡಿಯಾಲಜಿಸ್ಟ್ ಅವರ ತಾಳ್ಮೆಯನ್ನು ನಾನು ಮನಸಾರೆ ಮೆಚ್ಚಿದೆ. ಬಣ್ಣದ ಡಾಪ್ಲರ್ ಹಾಕಿದ ಕೂಡಲೇ ಗಡ್ಡೆಯ ಮೇಲೆ ಕೆಂಪು, ನೀಲಿ ಮಿಂಚಿದಾಗ ನನ್ನ ಎದೆ ಧಸಕ್ಕೆಂದಿತು. ಅವರು ಅಮ್ಮನಿಗೆ ಉಸಿರು ಬಿಗಿಹಿಡಿಯಲು ಹೇಳಿ, ಆ ಮಿಂಚು ಹೃದಯದ ಪ್ರತಿ ಬಡಿತಕ್ಕೆ ಸರಿಯಾಗಿ ಬಂದು ಹೋಗುವುದನ್ನು ತೋರಿಸಿ, ಎಡಭಾಗ ಹೃದಯಕ್ಕೆ ಸಮೀಪವಿರುವುದರಿಂದ ಅದರ ಅಲುಗಾಟವೇ ಬಣ್ಣವಾಗಿ ಕಾಣುತ್ತಿದೆ, ಇದು ರಕ್ತವಲ್ಲ ಎಂದು ವಿವರಿಸಿದರು. ಬಳಿಕ ಯಂತ್ರದಲ್ಲಿ ವೇಗದ ಮಿತಿಯನ್ನು ತಗ್ಗಿಸಿ, ಮಂದ ಹರಿವನ್ನೂ ಹಿಡಿಯಬಲ್ಲ ಪವರ್ ಡಾಪ್ಲರ್‌ಗೆ ಬದಲಾಯಿಸಿ, ಪ್ರೋಬನ್ನು ಬೇರೆ ಬೇರೆ ಕೋನದಲ್ಲಿಟ್ಟು ಮತ್ತೆ ನೋಡಿದರು. ಅಂಚಿನಲ್ಲಿ ಒಂದೆರಡು ಚುಕ್ಕೆಗಳಷ್ಟೇ ಉಳಿದವು. ಒಳಗೆ ಏನೂ ಕಾಣಲಿಲ್ಲ.

ಬಣ್ಣ ಕಾಣದಿದ್ದ ಮಾತ್ರಕ್ಕೆ ರಕ್ತವಿಲ್ಲ ಎಂದು ತಿಳಿಯಬಾರದು, ಹೆಮಾಂಜಿಯೋಮ ಎಂಬ ನಿರಪಾಯಕಾರಿ ಗಡ್ಡೆಯಲ್ಲಿ ರಕ್ತ ತುಂಬಿದ್ದರೂ ಅದರ ಚಲನೆ ಡಾಪ್ಲರ್‌ಗೆ ಸಿಗದಷ್ಟು ನಿಧಾನ ಎಂದೂ ಅವರೇ ಹೇಳಿದರು. ವರದಿಯಲ್ಲಿ ಹರಿವಿನ ಜಾಗ, ಪೋರ್ಟಲ್ ಅಭಿಧಮನಿಯಲ್ಲಿ ಹೆಪ್ಪು ಇಲ್ಲದಿರುವುದು ಎಲ್ಲವೂ ಸ್ಪಷ್ಟವಾಗಿತ್ತು. ಖಚಿತಪಡಿಸಿಕೊಳ್ಳಲು, ರಕ್ತನಾಳಕ್ಕೆ ಔಷಧಿ ಕೊಟ್ಟು ತೆಗೆಯುವ ಕಾಂಟ್ರಾಸ್ಟ್ ಎಂಆರ್‌ಐ ಮಾಡಿಸಿ ಎಂಬ ಸಲಹೆಯೂ ಇತ್ತು. ಹೆಮಾಂಜಿಯೋಮವೇ ಎಂದು ಎಂಆರ್‌ಐ ಹೇಳಿತು.

ಕೊರತೆಯೊಂದನ್ನು ಹೇಳಲೇಬೇಕು. ಕರುಳಿನ ಗಾಳಿ ಚಿತ್ರಕ್ಕೆ ಅಡ್ಡಬರುತ್ತದೆಂದು 6 ಗಂಟೆ ಉಪವಾಸವಿರಲು ಹೇಳಿದ್ದರು, ಅದು ಸರಿಯೇ. ಆದರೆ ಸಕ್ಕರೆ ಕಾಯಿಲೆಯ ಅಮ್ಮನನ್ನು ಕೊಟ್ಟ ಸಮಯಕ್ಕಿಂತ ಒಂದೂವರೆ ಗಂಟೆ ಹೆಚ್ಚು ಕಾಯಿಸಿದರು, ಕೈ ನಡುಗಲು ಶುರುವಾದ ಮೇಲೆಯೇ ಒಳಗೆ ಕರೆದರು. ಮಧುಮೇಹಿಗಳಿಗೆ ಬೆಳಗಿನ ಮೊದಲ ಸರದಿಯನ್ನೇ ಮೀಸಲಿಡಿ ಎಂದು ಅಲ್ಲಿನ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.