ಬಿಚ್ಚಿ ಮತ್ತೆ ಕಟ್ಟಬಹುದಾದ ಮನೆ ಅಂತ ಯಾರಾದ್ರೂ ಹೇಳಿದ್ರೆ, ಮೊದಲು ಸಂದು ಕೆರೆದು ನೋಡಿ

ಇದನ್ನ ಬರೀಲೋ ಬೇಡ್ವೋ ಅಂತ ಒಂದು ವಾರ ಒದ್ದಾಡಿದೀನಿ. ಹೇಳಿಕೊಳ್ಳೋಕೆ ನಾಚಿಕೆ. ಆದ್ರೆ ನನ್ನ ಹಾಗೇ ಪರಿಸರಸ್ನೇಹಿ ಮನೆ ಕಟ್ಟಿಸೋಕೆ ಹೊರಟವರು ತುಂಬಾ ಜನ ಇದೀರಿ. ನಮ್ಮ ಆರ್ಕಿಟೆಕ್ಟ್ ಹೆಸರು ಹಾಕಲ್ಲ, ದಯವಿಟ್ಟು ಕೇಳಬೇಡಿ.

ನಾನು ಕೇಳಿದ್ದು ಒಂದೇ ಒಂದು. ಮುಂದೆ ಮನೆ ಬದಲಾಯಿಸಬೇಕಾದಾಗ ಇಟ್ಟಿಗೆ ಇಟ್ಟಿಗೆಯಾಗೇ ಸಿಗಬೇಕು, ತೊಲೆ ತೊಲೆಯಾಗೇ ಸಿಗಬೇಕು. ಆರ್ಕಿಟೆಕ್ಟ್ ಎಲ್ಲಕ್ಕೂ ಹೂಂ ಅಂದ್ರು. ಸುಣ್ಣದ ಗಾರೆ, ಬೋಲ್ಟ್ ಹಾಕಿದ ಉಕ್ಕಿನ ಚೌಕಟ್ಟು, ನೆಲಕ್ಕೆ ಸ್ಕ್ರೂ ಹಾಕಿದ ಹಲಗೆ, ಗೋಂದು ಎಲ್ಲೂ ಇಲ್ಲ. 1851ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸನ್ನ ಬಿಚ್ಚಿ ಇನ್ನೊಂದು ಕಡೆ ಮತ್ತೆ ನಿಲ್ಲಿಸಿದ ಕಥೆ ನನಗೆ ಹೇಳಿದ್ದೇ ಅವರು. ಬಿಚ್ಚೋಕೆ ಬರೋ ಹಾಗೆ ಕಟ್ಟೋದಕ್ಕೆ ಐಎಸ್‌ಒ 20887 ಅಂತ ಒಂದು ಮಾನದಂಡ ಇದೆ ಅಂತ ಹೇಳಿದ್ದೂ ಅವರೇ. ಇಷ್ಟೆಲ್ಲ ತಿಳಿದವರು ಮೋಸ ಮಾಡ್ತಾರೆ ಅಂತ ಯಾರಿಗೆ ಅನ್ಸುತ್ತೆ ಹೇಳಿ?

ಮೂರನೇ ವರ್ಷ ಅಮ್ಮನಿಗೆ ಗಾಲಿಕುರ್ಚಿ ಬಂತು. ಕೋಣೆ ದೊಡ್ಡದು ಮಾಡೋಕೆ ಒಂದು ಗೋಡೆ ತೆಗೀಬೇಕಿತ್ತು. "ಒಡೀಬೇಡಿ, ಒಂದೊಂದೇ ಬಿಡಿಸಿ, ಅದೇ ಇಟ್ಟಿಗೇಲಿ ಆ ಕಡೆ ಗೋಡೆ ಎಬ್ಬಿಸೋಣ" ಅಂತ ಮೇಸ್ತ್ರಿಗೆ ಹೇಳಿದೆ. ಅವರು ಸಂದಿಗೆ ಉಳಿ ಇಟ್ಟು ಮೆಲ್ಲಗೆ ಒಂದು ಏಟು ಹಾಕಿದ್ರು. ಬಿಳಿ ಪದರ ಉದುರಿತು. ಉಗುರಿನಷ್ಟು ದಪ್ಪ, ಅಷ್ಟೇ. ಅದರ ಹಿಂದೆ ಬೂದು ಬಣ್ಣ. ಇನ್ನೊಂದು ಏಟು ಬಿತ್ತು, ಇಟ್ಟಿಗೆ ಎರಡು ಹೋಳಾಯ್ತು, ಗಾರೆ ಮಾತ್ರ ಅಲ್ಲಾಡಲಿಲ್ಲ.

"ಇದು ಸುಣ್ಣ ಅಲ್ಲಮ್ಮ, ಸಿಮೆಂಟು. ಮೇಲೆ ಸುಣ್ಣ ತೀಡಿದಾರೆ" ಅಂದ್ರು ಮೇಸ್ತ್ರಿ. ನನಗೆ ಮಾತೇ ಹೊರಡಲಿಲ್ಲ. ಮೂರು ವರ್ಷ ಬಂದವರಿಗೆಲ್ಲ ಆ ಬಿಳಿ ಸಂದುಗಳನ್ನ ಮುಟ್ಟಿ ತೋರಿಸಿದೀನಿ ನಾನು.

ಗೊತ್ತಿಲ್ಲದವರಿಗೆ ಹೇಳ್ತೀನಿ: ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ಬಿಡಿಸುವಾಗ ಗಾರೆ ಉದುರುತ್ತೆ, ಇಟ್ಟಿಗೆ ಉಳಿಯುತ್ತೆ. ಗಟ್ಟಿ ಸಿಮೆಂಟ್ ಗಾರೆ ಹಾಗಲ್ಲ, ಇಟ್ಟಿಗೆಯನ್ನೇ ಒಡೆಯುತ್ತೆ. ಇಟ್ಟಿಗೆ ಎಷ್ಟೇ ಒಳ್ಳೇದಿರಲಿ, ಅದು ಮತ್ತೆ ಬಳಕೆಗೆ ಬರುತ್ತೋ ಇಲ್ವೋ ಅನ್ನೋದು ಸಂದಿನಲ್ಲೇ ತೀರ್ಮಾನ ಆಗುತ್ತೆ.

ಆಮೇಲೆ ಅನುಮಾನ ಬಂದು ಚೌಕಟ್ಟು ನೋಡಿದ್ವಿ. ಮೇಸ್ತ್ರಿ ಒಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ್ರು. ತಿರುಗಲಿಲ್ಲ, ಕಳಚಿ ಅವರ ಕೈಗೇ ಬಂತು. ಬರೀ ತಲೆ! ಹಿಂದೆ ಒಣಗಿದ ಗೋಂದು. ಪ್ಲೇಟು ಒಳಗಡೆಯಿಂದ ವೆಲ್ಡ್ ಆಗಿದೆ, ಬೋಲ್ಟ್ ತಲೆಗಳು ನನ್ನ ಕಣ್ಣಿಗೆ ಅಂತ ಅಂಟಿಸಿದ್ದು. ವೆಲ್ಡ್ ಮಾಡಿದ್ರೂ ಮನೆ ಗಟ್ಟಿಯಾಗಿ ನಿಲ್ಲುತ್ತೆ, ಅದು ನನಗೂ ಗೊತ್ತು. ಆದ್ರೆ ತೊಲೆ ಬೇಕು ಅಂದ್ರೆ ಈಗ ಕತ್ತರಿಸಬೇಕು. ಅಂಟಿಸಿದಾರೆ! ಒಂದೊಂದಾಗಿ ಕೂತು ಅಂಟಿಸಿದಾರೆ! ಮರೆತು ಆಗಿದ್ದಲ್ಲ ಇದು.

ಆರ್ಕಿಟೆಕ್ಟ್‌ಗೆ ಫೋನ್ ಮಾಡಿದೆ. ಮೊದಲನೇ ಉತ್ತರ: "ಮೇಡಂ, ಕೆಲಸದವರು ಹಾಗೆ ಮಾಡಿರ್ತಾರೆ, ನನ್ನ ಡ್ರಾಯಿಂಗ್‌ನಲ್ಲಿ ಸರಿಯಾಗೇ ಇದೆ." ವಾರಕ್ಕೆ ಮೂರು ಸಲ ಬಂದು ನೋಡಿದವರು ಅವರೇ. ಎರಡನೇದು: "ಒಡೆದ ಗೋಡೆನೂ ರೀಸೈಕಲ್ ಆಗುತ್ತಲ್ಲ ಮೇಡಂ, ಪುಡಿ ಮಾಡಿ ರಸ್ತೆಗೆ ಹಾಕ್ತಾರೆ." ಮುಂಭಾಗದ ಅಲ್ಯೂಮಿನಿಯಂ ಹಲಗೆ ಬಗ್ಗೆ ಕೇಳಿದೆ. ಅಲ್ಯೂಮಿನಿಯಂ ಮತ್ತೆ ಕರಗಿಸೋಕೆ ಹೊಸದಾಗಿ ತಯಾರಿಸೋದರ ಸುಮಾರು 5% ಶಕ್ತಿ ಸಾಕು, ಅದನ್ನ ಹೇಳಿಯೇ ನನ್ನನ್ನ ಒಪ್ಪಿಸಿದ್ದು. ಹಾಕಿಸಿದ್ದು ಮಾತ್ರ ಎರಡು ತೆಳು ಹಾಳೆ ನಡುವೆ ಪ್ಲಾಸ್ಟಿಕ್ ಅಂಟಿಸಿದ ಹಲಗೆ. ಅದನ್ನ ಬೇರ್ಪಡಿಸೋದು ಕಷ್ಟ, ಗುಜರಿಯವರು ಮುಟ್ಟಲಿಲ್ಲ. ಅದಕ್ಕೆ ಅವರ ಮಾತು, ಇದನ್ನ ನಾನು ಮರೆಯಲ್ಲ: "ರೀಸೈಕಲ್ ಮಾಡಬಹುದು ಅಂದಿದ್ದೆ. ಯಾರಾದ್ರೂ ಮಾಡ್ತಾರೆ ಅಂತ ಅಂದಿರಲಿಲ್ಲ."

ಒಪ್ಪಂದ ತೆಗೆದು ನೋಡಿದ್ರೆ "ಮರುಬಳಕೆಗೆ ಯೋಗ್ಯವಾದ ವಸ್ತುಗಳು" ಅಂತ ಒಂದು ಸಾಲು. ಹೇಗೆ ಜೋಡಿಸ್ತಾರೆ ಅನ್ನೋದರ ಬಗ್ಗೆ ಒಂದಕ್ಷರ ಇಲ್ಲ. ಸಹಿ ಹಾಕಿದವಳು ನಾನೇ.

ನೀವು ಹಾಗೆ ಮಾಡಬೇಡಿ. ಪ್ರತಿ ಸಂದೂ ಬರೆಸಿ: ಯಾವ ಗಾರೆ, ಎಲ್ಲಿ ಬೋಲ್ಟು, ಎಲ್ಲಿ ಸ್ಕ್ರೂ. ಗಾರೆ ಕಲಸುವಾಗ ಪಕ್ಕದಲ್ಲೇ ನಿಂತಿರಿ, ಅವರಿಗೆ ಬೇಜಾರಾದ್ರೆ ಆಗಲಿ. ಕೊನೆ ಕಂತು ಕೊಡೋ ಮುಂಚೆ ನಿಮ್ಮೆದುರಿಗೆ ಒಂದು ಇಟ್ಟಿಗೆ, ಒಂದು ಬೋಲ್ಟು ಬಿಚ್ಚಿ ತೋರಿಸಿ ಅನ್ನಿ. ಆಮೇಲೆ ದುಡ್ಡು ಕೊಡಿ. ಚೆಂದ ಮಾತಾಡೋರ ಹತ್ರ ಅಂತೂ ಇದನ್ನ ಮಾಡಿಸಲೇಬೇಕು.

ಆ ಗೋಡೆಯಿಂದ ಇಡಿಯಾಗಿ ಸಿಕ್ಕಿದ್ದು 11 ಇಟ್ಟಿಗೆ. ಉಳಿದದ್ದು ಹಿತ್ತಲಲ್ಲಿ ರಾಶಿ ಬಿದ್ದಿದೆ. ಅದರ ಫೋಟೋನೂ ಆ ಬೋಲ್ಟ್ ತಲೆ ಫೋಟೋನೂ ಅವರಿಗೆ ಕಳಿಸಿದೆ. ನೋಡಿದಾರೆ, ಉತ್ತರ ಇನ್ನೂ ಬಂದಿಲ್ಲ.